ಮಗನ ಮೊದಲ ಗಾಡಿ ಫೋರ್ ವೀಲ್ ಡ್ರೈವೇ ಆಗಬೇಕಾ?

ಪ್ರಶ್ನೆ: ನಮ್ಮದು ಹೆಬ್ರಿ ಹತ್ತಿರ ಅಡಿಕೆ ತೋಟ. ಹೆದ್ದಾರಿಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣಿನ ದಾರಿ, ಕೊನೆಗೆ ಒಂದು ಕಡಿದಾದ ಏರು. ಮಳೆಗಾಲದಲ್ಲಿ ನಮ್ಮ ಆಲ್ಟೊ ಅದನ್ನು ಹತ್ತುವುದಿಲ್ಲ. ಕೆಳಗೆ ನಿಲ್ಲಿಸಿ ಕೊಡೆ ಹಿಡಿದು ನಡೆಯುತ್ತೇವೆ. ದೊಡ್ಡ ಮಗನಿಗೆ 18 ತುಂಬಿದೆ, ಲೈಸೆನ್ಸ್ ಬಂದು ಎರಡು ತಿಂಗಳಾಯಿತು. ದಿನಾ ಮಣಿಪಾಲಕ್ಕೆ ಕಾಲೇಜಿಗೆ ಹೋಗಿ ಬರಬೇಕು. ಅವನು ಸೆಕೆಂಡ್ ಹ್ಯಾಂಡ್ ಜಿಪ್ಸಿ ಅಥವಾ ಹಳೆ ಥಾರ್ ಬೇಕು ಅಂತ ಹಟ ಹಿಡಿದಿದ್ದಾನೆ. ಯಾರೋ ಡಸ್ಟರ್ ಹೇಳಿದರು. ನಮ್ಮ ಬಜೆಟ್ 5 ಲಕ್ಷ. ಯಾವುದು ತೆಗೆಯಬಹುದು? ಹೊಸದಾಗಿ ಕಲಿತವನ ಕೈಗೆ ಅಂಥ ಗಾಡಿ ಕೊಡಬಹುದಾ? ಎರಡನೆಯವನಿಗೆ 16, ಅವನೂ ಕೀ ಕೇಳುತ್ತಾನೆ.

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಒಂದು ಲೆಕ್ಕ ಕೂತಿದೆ. ಮೊದಲು ಅದನ್ನು ಹೊರಗೆ ತೆಗೆಯೋಣ. ನಿಮ್ಮಲ್ಲಿಂದ ಮಣಿಪಾಲಕ್ಕೆ ಹೋಗಿ ಬಂದರೆ ಹೆಚ್ಚು ಕಡಿಮೆ 60 ಕಿಲೋಮೀಟರ್. ಅದರಲ್ಲಿ ಮಣ್ಣು ಬರೀ 3. ಆ ಮೂರರಲ್ಲೂ ಗಾಡಿ ನಿಜವಾಗಿ ಒದ್ದಾಡುವುದು ಕೊನೆಯ ಏರಿನಲ್ಲಿ, ಅದೂ ಮಳೆಗಾಲದ ನಾಲ್ಕೈದು ತಿಂಗಳು. ಉಳಿದ 57 ಕಿಲೋಮೀಟರ್ ಪೆರ್ಡೂರು, ಹಿರಿಯಡ್ಕ, ಪರ್ಕಳದ ಮೇಲೆ ಹೋಗುವ ಡಾಮರು ರಸ್ತೆ. ತಿರುವು, ಎಕ್ಸ್‌ಪ್ರೆಸ್ ಬಸ್ಸು, ದನ, ಮಳೆ ಎಲ್ಲ ಅಲ್ಲೇ. ಫೋರ್ ವೀಲ್ ಡ್ರೈವ್ ಬೇಕಾಗುವುದು ಆ ಏರಿಗೆ. ಹುಡುಗನ ಕೈಕಾಲು ಉಳಿಯಬೇಕಾದದ್ದು ಈ 57ರಲ್ಲಿ.

ನಮ್ಮ ಗ್ಯಾರೇಜಿಗೆ ಬರುವ ಅಪ್ಪಂದಿರು ಒಂದು ಮಾತು ಹೇಳುತ್ತಾರೆ. "ಮಳೆಗೆ ಸೇಫ್ ಅಲ್ವಾ, ಫೋರ್ ವೀಲ್ ಉಂಟಲ್ಲ." ಅಲ್ಲ ಮಾರಾಯ್ರೆ. ಇಂಜಿನ್ನಿನ ಎಳೆತ ನಾಲ್ಕೂ ಚಕ್ರಕ್ಕೆ ಹೋಗುತ್ತದೆ ಅನ್ನುವುದು ಬಿಟ್ಟರೆ ಅದರಲ್ಲಿ ಬೇರೆ ಮಂತ್ರ ಇಲ್ಲ. ಕೆಸರಿನಿಂದ ಹೊರಡಲು, ಏರು ಹತ್ತಲು ಅದು ಬೇಕು. ನಿಲ್ಲಲು ಅದರಿಂದ ಏನೂ ಉಪಯೋಗ ಇಲ್ಲ. ಬ್ರೇಕು ನಿಮ್ಮ ಆಲ್ಟೊಗೂ ನಾಲ್ಕು ಚಕ್ರಕ್ಕೇ ಇರುವುದು. ಅದರ ಮೇಲೆ ಜೀಪು ಭಾರ, ಎತ್ತರ. ದಪ್ಪ ಕಟ್ಟೆಗಳ ಮಡ್ ಟೈರ್ ಹಾಕಿದ್ದರೆ ಒದ್ದೆ ಡಾಮರಿಗೆ ತಾಗುವ ರಬ್ಬರೇ ಕಡಿಮೆ. ಅಂಥ ಜೀಪು ಒದ್ದೆ ರಸ್ತೆಯಲ್ಲಿ ನಿಮ್ಮ ಆಲ್ಟೊಗಿಂತ ಮುಂದೆ ಹೋಗಿ ನಿಲ್ಲುತ್ತದೆ.

ಇದು ನನಗೆ ಓದಿ ಗೊತ್ತಾದದ್ದಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಒಂದು ಹಳೆ ಜೀಪು ತೆಗೆದಿದ್ದೆ. ಆಟಿ ತಿಂಗಳ ಮಳೆಯಲ್ಲಿ ಆಗುಂಬೆಯ ಹದಿನಾಲ್ಕು ತಿರುವು ಇಳಿದೆ. ಘಾಟಿ ಮುಗಿಯಿತಲ್ಲ ಅಂತ ಸೋಮೇಶ್ವರ ದಾಟಿದ ಮೇಲೆ ಸ್ಪೀಡು ಏರಿಸಿದೆ. ಫೋರ್ ವೀಲ್ ಹಾಕಿಕೊಂಡೇ ಇದ್ದೆ, ಅದೇ ಧೈರ್ಯ. ತಿರುವಿನಲ್ಲಿ ಒಂದು ಎಮ್ಮೆ. ಬ್ರೇಕ್ ಒತ್ತಿದೆ. ನಾಲ್ಕು ಚಕ್ರವೂ ಒಟ್ಟಿಗೆ ಕಟ್ಟಿಕೊಂಡು ಜಾರಿ ಜೀಪು ಕಣಿಗೆ ಹೋಗಿ ಕೂತಿತು. ಎಮ್ಮೆ ಅಲ್ಲೇ ನಿಂತು ನೋಡುತ್ತಿತ್ತು. ಎಳೆಯಲು ಬಂದ ಟೆಂಪೋದವ ಮೊದಲು ಕೇಳಿದ್ದು, "ಇದು ಫೋರ್ ವೀಲ್ ಅಲ್ವಾ?"

ಹಾಗಾಗಿ ನನ್ನ ಲೆಕ್ಕದಲ್ಲಿ ಹೊಸ ಹುಡುಗನ ಗಾಡಿಗೆ ಮೊದಲು ಬೇಕಾದದ್ದು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಟ್ಟಿಕೊಳ್ಳದ ಹಾಗೆ ನೋಡುವ ವ್ಯವಸ್ಥೆ), ಎರಡು ಏರ್‌ಬ್ಯಾಗ್, ಒಳ್ಳೆಯ ಟೈರು. ಫೋರ್ ವೀಲ್ ಅದರ ನಂತರ. ಸೆಕೆಂಡ್ ಹ್ಯಾಂಡ್ ಫೋರ್ ವೀಲ್‌ಗಳಲ್ಲಿ ಇದೇ ಕಷ್ಟ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷ ಜುಲೈಯಲ್ಲಿ. ನೀವು ನೋಡುವ ಗಾಡಿಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೆಯವು. ಕಂಪನಿ ಮನಸ್ಸು ಮಾಡಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಈಗ ಮಗ ಕೇಳಿದ ಗಾಡಿಗಳಿಗೆ ಬರೋಣ.

ಜಿಪ್ಸಿ ನನಗೂ ಇಷ್ಟ. 1985ರಲ್ಲಿ ಬಂತು, 1996ರಿಂದ 1.3 ಲೀಟರಿನ ಜಿಪ್ಸಿ ಕಿಂಗ್. ಹಗುರ. ಕೆಸರಿನಲ್ಲಿ ದೊಡ್ಡ ದೊಡ್ಡ ಗಾಡಿ ಹೂತು ಕೂತ ಜಾಗದಲ್ಲಿ ಇದು ಆಡು ಹೋದ ಹಾಗೆ ಹೋಗುತ್ತದೆ. ಬಿಡಿಭಾಗವೂ ಸಿಗುತ್ತದೆ. ಆದರೆ ದಿನಾ 60 ಕಿಲೋಮೀಟರ್ ಕಾಲೇಜಿಗೆ? ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮೇಲೆ ಟರ್ಪಾಲು. ನಾಲ್ಕೂ ಕಡೆ ಪ್ಲೇಟಿನ ಸ್ಪ್ರಿಂಗು, ಹೊಂಡಕ್ಕೆ ಬಿದ್ದರೆ ಹಿಂಭಾಗ ಎಗರಿ ಪಕ್ಕಕ್ಕೆ ಸರಿಯುತ್ತದೆ. ಚಕ್ರಗಳ ನಡುವೆ ಅಂತರ ಕಡಿಮೆ, ಎತ್ತರ ಜಾಸ್ತಿ. ಗಾಬರಿಯಲ್ಲಿ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಮಗುಚುವ ಜಾತಿ. ಹೊಸಬರು ಗಾಬರಿಯಾಗದೆ ಇರುತ್ತಾರಾ? ಪೆಟ್ರೋಲು ಲೀಟರಿಗೆ 10 ಕಿಲೋಮೀಟರ್ ಹಿಡಿಯಿರಿ. ದಿನಕ್ಕೆ 6 ಲೀಟರ್. ಮಗನಿಗೇ ತಿಂಗಳ ಲೆಕ್ಕ ಬರೆಯಲು ಹೇಳಿ. ಇನ್ನೊಂದು ಮಾತು: ಜಿಪ್ಸಿ ತಯಾರಿಕೆ ನಿಂತ ಮೇಲೆ ಅದು ಆಸೆಯ ಗಾಡಿ ಆಗಿಬಿಟ್ಟಿದೆ. ಹೊಸ ಪೈಂಟು, ಹೊಸ ಸೀಟು ಕವರು, ಮುಂದೊಂದು ವಿಂಚು ಸಿಕ್ಕಿಸಿ ಬೆಲೆ ಏರಿಸುತ್ತಾರೆ. ಕೆಳಗೆ ತುಕ್ಕು ಹಾಗೇ ಇರುತ್ತದೆ.

ಹಳೆ ಥಾರ್ ಅಂದರೆ 2010ರಿಂದ 2020ರವರೆಗಿನದು. ಅದರಲ್ಲಿ ಎರಡು ಜಾತಿ. ಡಿಐ ಇಂಜಿನ್ನಿನದು 63 ಹಾರ್ಸ್‌ಪವರ್, ಸಿಆರ್‌ಡಿಇ 105. ಡಿಐ ಥಾರ್ ಟೂ ವೀಲ್ ಡ್ರೈವ್‌ನಲ್ಲೂ ಬರುತ್ತಿತ್ತು. ಫೋಟೋದಲ್ಲಿ ಎರಡೂ ಒಂದೇ ತರ. ಸುಮ್ನೆ ನೋಡಿ ದುಡ್ಡು ಕೊಟ್ಟು ಆಮೇಲೆ ಫೋರ್ ವೀಲ್ ಹಾಕುವ ಸಣ್ಣ ಗೇರು ಹುಡುಕಿದವರನ್ನು ನೋಡಿದ್ದೇನೆ. ಸಿಆರ್‌ಡಿಇ ಇಂಜಿನ್ ಗಟ್ಟಿ, ನಮ್ಮ ಕಡೆ ಯಾವ ಮೆಕ್ಯಾನಿಕ್ಕಿಗೂ ಗೊತ್ತು. 2015ರ ನಂತರದ್ದರಲ್ಲಿ ಹಿಂದಿನ ಡಿಫರೆನ್ಷಿಯಲ್ ಲಾಕ್ ಕೂಡ ಇದೆ, ಅಂದರೆ ಎರಡು ಚಕ್ರಕ್ಕೆ ಎಳೆತ ಹಂಚುವ ಡಿಫರೆನ್ಷಿಯಲ್ಲಿಗೆ ಬೀಗ ಹಾಕಿ ಜಾರದ ಚಕ್ರಕ್ಕೂ ಎಳೆತ ಕೊಡುವುದು. ಏರ್‌ಬ್ಯಾಗ್ ಇಲ್ಲ. ಎಬಿಎಸ್ ಬಂದದ್ದು 2019ರಲ್ಲಿ, ಅಂದರೆ ಮುಗಿಯುವ ಹೊತ್ತಿಗೆ. ನನಗೆ ಇದರಲ್ಲಿ ಹೆಚ್ಚು ಹೆದರಿಕೆ ಹಿಂದಿನ ಸೀಟಿನದ್ದು. ಎದುರು ಬದುರು ಬೆಂಚು. 18ರ ಹುಡುಗನ ಕೈಯಲ್ಲಿ ಥಾರ್ ಇದ್ದರೆ ಆ ಬೆಂಚು ಖಾಲಿ ಇರುತ್ತದಾ? ಆರು ಜನ ಗೆಳೆಯರು, ಬೆಲ್ಟ್ ಇಲ್ಲ, ಮಲ್ಪೆಗೆ ಹೋಗಿ ಬರುವ ಅಂತ ಸಂಜೆ ಹೊರಟರೆ ಮನೆಯಲ್ಲಿ ನಿಮಗೆ ನಿದ್ದೆ ಬರುತ್ತದಾ? ಗಟ್ಟಿಯಾದ ಸಿಆರ್‌ಡಿಇ ಥಾರ್ 5 ಲಕ್ಷಕ್ಕೆ ಸಿಗುತ್ತದೆ ಅಂದರೆ ಯಾಕೆ ಅಂತ ಮೊದಲು ಕೇಳಿ.

ಡಸ್ಟರ್ ಹೇಳಿದವರು ಯಾರೋ ಗೊತ್ತಿಲ್ಲ, ಅವರಿಗೆ ಒಂದು ಎಳನೀರು ಕೊಡಿಸಿ. 2014ರಲ್ಲಿ ಅದರ ಎಡಬ್ಲ್ಯುಡಿ, ಅಂದರೆ ನಾಲ್ಕೂ ಚಕ್ರ ಎಳೆಯುವ ಮಾದರಿ ಬಂತು. 1.5 ಲೀಟರ್ ಡೀಸೆಲ್, 110 ಹಾರ್ಸ್‌ಪವರ್, ಆರು ಗೇರು. ಕೆಳಗೆ 210 ಮಿಲಿಮೀಟರ್ ಜಾಗ. ಎಬಿಎಸ್ ಇದೆ, ಏರ್‌ಬ್ಯಾಗ್ ಎರಡು ಇದೆಯಾ ಅಂತ ನೋಡಿಕೊಳ್ಳಿ. ಓಡಿಸಲು ಕಾರಿನ ಹಾಗೇ, ಜೀಪಿನ ಹಾಗೆ ಅಲ್ಲ. ಗೇರಿನ ಹತ್ತಿರ ಒಂದು ದುಂಡು ಗುಂಡಿ ಇರುತ್ತದೆ: ಟೂ ವೀಲ್, ಆಟೋ, ಲಾಕ್. ಆಟೋದಲ್ಲಿ ಇಟ್ಟರೆ ಮುಂದಿನ ಚಕ್ರ ಜಾರಿದಾಗ ಅದೇ ಹಿಂದಕ್ಕೆ ಎಳೆತ ಕಳಿಸುತ್ತದೆ. ಹುಡುಗ ಮರೆತರೂ ಏನೂ ಹಾಳಾಗುವುದಿಲ್ಲ. ಇದರಲ್ಲಿ ಲೋ ಗೇರ್ (ಗಾಡಿಯನ್ನು ನಿಧಾನ ಮಾಡಿ ಎಳೆತ ಹೆಚ್ಚಿಸುವ ಗೇರು) ಇಲ್ಲ ಅನ್ನುವುದೊಂದು ಕೊರತೆ. ಅದಕ್ಕೇ ಕಂಪನಿಯವರು ಫಸ್ಟ್ ಗೇರನ್ನೇ ಗಿಡ್ಡ ಮಾಡಿ ಇಟ್ಟಿದ್ದಾರೆ. ನೀವು ಹೇಳಿದಂಥ ಏರಿಗೆ ಅದು ಸಾಕು.

ಡಸ್ಟರ್ ನೋಡುವಾಗ ಎರಡು ವಿಷಯ ಬಿಡಬೇಡಿ. ಆ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಚೈನ್ ಅಲ್ಲ. ಬೆಲ್ಟ್ ತುಂಡಾದರೆ ವಾಲ್ವು, ಪಿಸ್ಟನ್ನು ಒಂದಕ್ಕೊಂದು ಹೊಡೆದು ಇಂಜಿನ್ ಮುಗಿಯಿತು. ಯಾವಾಗ ಬದಲಿಸಿದ್ದು ಅಂತ ಬಿಲ್ ತೋರಿಸಲಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು ಆ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿ. ಎರಡನೆಯದು ಟೈರು. ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಮಟ್ಟಿಗೆ ಸವೆದಿರಬೇಕು. ಎರಡು ಹೊಸದು, ಎರಡು ಬೋಳು ಆದರೆ ಚಕ್ರ ಸುತ್ತುವ ಲೆಕ್ಕ ತಪ್ಪಿ ಹಿಂದಕ್ಕೆ ಎಳೆತ ಕಳಿಸುವ ಕಪ್ಲಿಂಗ್ ಸುಮ್ನೆ ದುಡಿಯುತ್ತಾ ಬಿಸಿಯಾಗುತ್ತದೆ. ಟೂ ವೀಲ್ ಡಸ್ಟರಿಗೆ ಹಿಂದೆ ಎಡಬ್ಲ್ಯುಡಿ ಬ್ಯಾಡ್ಜ್ ಅಂಟಿಸಿ ಮಾರುವವರೂ ಇದ್ದಾರೆ. ಬಗ್ಗಿ ನೋಡಿ. ಹಿಂದಿನ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ನೇತಾಡುತ್ತಿರಬೇಕು. ಇಲ್ಲದಿದ್ದರೆ ಬ್ಯಾಡ್ಜ್ ಮಾತ್ರ.

ಸಫಾರಿ, ಸ್ಕಾರ್ಪಿಯೊ, ಹಳೆ ಪಜೆರೊ ಎಲ್ಲ 5 ಲಕ್ಷದ ಒಳಗೆ ಕಾಣಿಸುತ್ತವೆ. ದೊಡ್ಡ ಗಾಡಿ ಅಗ್ಗಕ್ಕೆ ಬಂದರೆ ಅದರ ರಿಪೇರಿ ಅಗ್ಗ ಆಗುವುದಿಲ್ಲ. ಬೇಡ. ಜಿಮ್ನಿ 2023ರಲ್ಲಿ ಬಂದದ್ದು, ಆರು ಏರ್‌ಬ್ಯಾಗ್, ಲೋ ಗೇರ್ ಎಲ್ಲ ಇದೆ, ನಿಮ್ಮ ದಾರಿಗೆ ಹೇಳಿ ಮಾಡಿಸಿದ್ದು. ಆದರೆ ನಿಮ್ಮ ದುಡ್ಡಿಗೆ ಇನ್ನೂ ದೂರ.

ಜೀಪು ಜಾತಿಯದ್ದೇ ತೆಗೆಯುವುದಾದರೆ ಆ ಸಣ್ಣ ಗೇರಿನ ವಿಷಯ ಮಗನಿಗೆ ಗೊತ್ತಿರಬೇಕು. ಜಿಪ್ಸಿ, ಥಾರ್‌ಗಳಲ್ಲಿ ಮಾಮೂಲಿಗೆ ಹಿಂದಿನ ಚಕ್ರ ಮಾತ್ರ ಎಳೆಯುತ್ತದೆ. ಅದು ಟೂ ಹೈ. ಫೋರ್ ಹೈ ಹಾಕಿದರೆ ಮುಂದಿನ, ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಸುತ್ತಬೇಕು. ಕಚ್ಚಿಕೊಂಡಿದ್ದರೆ ಸುತ್ತಲು ಆಗುವುದಿಲ್ಲ. ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಒಣ ಡಾಮರಿನಲ್ಲಿ ಜಾರಲು ಜಾಗ ಇಲ್ಲ, ಎಲ್ಲ ಒತ್ತಡ ಗೇರಿಗೆ, ಶಾಫ್ಟಿಗೆ. ಸ್ಟಿಯರಿಂಗ್ ಬಿಗಿ, ಟೈರು ಕಿರಕಿರ, ಕೊನೆಗೆ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ದೊಡ್ಡ ಬಿಲ್. ಕಾಲೇಜಿನ ಎದುರು ಪೋಸು ಕೊಡಲು ಫೋರ್ ಹಾಕಿಕೊಂಡು ತಿರುಗಿಸಿದ ಗಾಡಿ ನಮ್ಮಲ್ಲಿ ಎರಡು ವಾರ ನಿಲ್ಲುತ್ತದೆ.

ಫೋರ್ ಲೋ ಬೇರೆಯೇ ಸಂಗತಿ. ಅದರಲ್ಲಿ ಗಾಡಿ ನಿಧಾನ, ಎಳೆತ ಜಾಸ್ತಿ. ಹತ್ತುವಾಗ ಬೇಕು ಅಂತ ಎಲ್ಲರಿಗೂ ಗೊತ್ತು. ಇಳಿಯುವಾಗ ಇನ್ನೂ ಹೆಚ್ಚು ಬೇಕು. ಲೋ ಫಸ್ಟಿನಲ್ಲಿ ಹಾಕಿ ಕ್ಲಚ್ಚು ಮುಟ್ಟದೆ ಕಾಲು ತೆಗೆದು ಕೂತರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಹೋಗುವ ಜೀಪಿನಲ್ಲಿ ಮಗನನ್ನು ಒಮ್ಮೆ ಮುಂದಿನ ಸೀಟಿನಲ್ಲಿ ಕೂರಿಸಿ. ಗುಡ್ಡ ನೋಡಲು ಅಲ್ಲ, ಡ್ರೈವರಿನ ಕಾಲು ನೋಡಲು. ಅವರು ಎಲ್ಲೂ ಇಂಜಿನ್ನನ್ನು ಕಿರುಚಿಸುವುದಿಲ್ಲ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅಂತ ಮೊದಲೇ ನೋಡಿ ಇಟ್ಟಿರುತ್ತಾರೆ. ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ ಮಾಮೂಲಿ ಡಿಫರೆನ್ಷಿಯಲ್ ಇಡೀ ಎಳೆತವನ್ನು ಆ ಖಾಲಿ ಚಕ್ರಕ್ಕೇ ಕೊಟ್ಟು ಕೂರುತ್ತದೆ ಅನ್ನುವುದು ಅವರಿಗೆ ಯಾರೂ ಪಾಠ ಮಾಡದೆ ಗೊತ್ತು.

ನಮ್ಮ ಊರಿನಲ್ಲಿ ಹಳೆ ಗಾಡಿ ನೋಡುವುದು ಅಂದರೆ ಮುಖ್ಯವಾಗಿ ತುಕ್ಕು ನೋಡುವುದು. ಇಂಜಿನ್ ಹೋದರೆ ಕಟ್ಟಬಹುದು, ಚಾಸಿ ತಿಂದುಹೋದರೆ ಗಾಡಿಯೇ ಹೋಯಿತು. ಸಮುದ್ರದ ಉಪ್ಪು ಗಾಳಿ ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ಬೀಚಿನಲ್ಲಿ ಆಟ ಆಡಿದ ಗಾಡಿ, ಬಂದರಿನಲ್ಲಿ ಮೀನು ಹೊತ್ತ ಗಾಡಿ. ಮೀನಿನ ಮಂಜುಗಡ್ಡೆಯ ನೀರು ಒಳಗಿಂದ ತಿನ್ನುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಗಾಡಿಯ ಕೆಳಗೆ ಮಲಗಿ. ಒಂದು ದೊಡ್ಡ ಸ್ಕ್ರೂ ಡ್ರೈವರಿನ ಹಿಂಬದಿಯಿಂದ ಚಾಸಿಯ ಉದ್ದಕ್ಕೂ ಮೆಲ್ಲ ಬಡಿಯಿರಿ. ಟಣ್ ಅಂದರೆ ಸರಿ, ಡಬ್ ಅಂದರೆ ಅಲ್ಲಿ ಪದರ ಎದ್ದಿದೆ. ಬಾಡಿ ಚಾಸಿಯ ಮೇಲೆ ಕೂರುವ ಜಾಗ, ಪ್ಲೇಟು ಸ್ಪ್ರಿಂಗಿನ ಕೊಂಡಿ, ಡ್ರೈವರಿನ ಕಾಲ ಕೆಳಗಿನ ತಗಡು, ಇವು ಮೊದಲು ಹೋಗುವ ಜಾಗಗಳು. ಕೆಳಗೆಲ್ಲ ಮೊನ್ನೆ ಮೊನ್ನೆ ಕರಿ ಬಳಿದ ಹಾಗೆ ಮಿಂಚುತ್ತಿದ್ದರೆ ಖುಷಿಪಡಬೇಡಿ. ಯಾಕೆ ಬಳಿದರು ಅಂತ ಕೇಳಿ. ನಾನಾಗಿದ್ದರೆ ಮಂಗಳೂರಿನ ಕೆಎ 19, ಉಡುಪಿಯ ಕೆಎ 20ಕ್ಕಿಂತ ಮೊದಲು ಘಟ್ಟದ ಮೇಲಿನ ಗಾಡಿ ಹುಡುಕುತ್ತೇನೆ. ಚಿಕ್ಕಮಗಳೂರಿನ ಕೆಎ 18, ಮಡಿಕೇರಿಯ ಕೆಎ 12, ಹಾಸನದ ಕೆಎ 13. ಎಸ್ಟೇಟಿನಲ್ಲಿ ದುಡಿದು ಸುಸ್ತಾಗಿರುತ್ತವೆ, ಕ್ಲಚ್ಚು ಸವೆದಿರುತ್ತದೆ, ಆದರೆ ಉಪ್ಪು ತಿಂದಿರುವುದಿಲ್ಲ. ಕ್ಲಚ್ಚು ಹೊಸದು ಹಾಕಬಹುದಲ್ಲ.

ಮುಳುಗಿ ಎದ್ದ ಗಾಡಿಯ ಬಗ್ಗೆಯೂ ಎಚ್ಚರ. 2018ರ ಮೇ 29ಕ್ಕೆ ಮಂಗಳೂರು ನೀರಿನಲ್ಲಿ ನಿಂತದ್ದು ನೆನಪಿದೆ ಅಲ್ವಾ? ಅದೇ ವರ್ಷ ಆಗಸ್ಟಿನಲ್ಲಿ ಕೇರಳ. 2020ರ ಸೆಪ್ಟೆಂಬರ್ 20ಕ್ಕೆ ನಮ್ಮ ಉಡುಪಿಯೇ. ಆ ದಿನಗಳಲ್ಲಿ ಗಾಡಿ ಎಲ್ಲಿತ್ತು ಅಂತ ನೇರವಾಗಿ ಕೇಳಿ. ಹಳೆ ಇನ್ಶೂರೆನ್ಸ್ ಕ್ಲೇಮು ವಿಚಾರಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಗಾಡಿ ತೊಳೆದವರು ಬೆಲ್ಟಿನ ತುದಿ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಡಿಫರೆನ್ಷಿಯಲ್ ಎಣ್ಣೆಯ ನಟ್ಟು ಬಿಚ್ಚಿಸಿ. ಎಣ್ಣೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಒಳಗೆ ನೀರು ಹೋಗಿದೆ.

ಓಡಿಸಿ ನೋಡುವಾಗ ಮಾರುವವನು ನಿಮ್ಮನ್ನು ನುಣುಪಾದ ರಸ್ತೆಯಲ್ಲೇ ಸುತ್ತಿಸುತ್ತಾನೆ. ಮಣ್ಣಿಗೆ ಕರೆದುಕೊಂಡು ಹೋಗಿ. ಫೋರ್ ಲೋ ಹಾಕಿ ಏರಿನಲ್ಲಿ ಎಳೆಸಿ. ಭಾರ ಬಿದ್ದಾಗ ಗೇರು ತಾನಾಗಿ ಹಾರಿ ಹೊರಬಂದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಹೊರಡುವಾಗ, ಬಿಡುವಾಗ ಕೆಳಗಿನಿಂದ ಟಕ್ ಅಂದರೆ ಶಾಫ್ಟಿನ ಕೀಲು, ಅಂದರೆ ಕ್ರಾಸು, ಸವೆದಿದೆ. ಅದು ಸಣ್ಣ ಖರ್ಚು, ಹೆದರಬೇಡಿ. ಜಿಪ್ಸಿ ಆದರೆ ಮುಂದಿನ ಚಕ್ರ ಜಾಕಿಗೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲಿನ, ಅಂದರೆ ಕಿಂಗ್ ಪಿನ್ನಿನ, ಬೇರಿಂಗ್ ಹೋಗಿದ್ದರೆ ಆಟ ಗೊತ್ತಾಗುತ್ತದೆ. ಅಂಥ ಗಾಡಿಯಲ್ಲಿ ಒಂದು ಹೊಂಡ ಸಿಕ್ಕಿದರೆ ಸ್ಟಿಯರಿಂಗ್ ಹುಚ್ಚು ಹಿಡಿದ ಹಾಗೆ ನಡುಗುತ್ತದೆ, ಹೊಸಬ ಕೈಬಿಟ್ಟೇ ಬಿಡುತ್ತಾನೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದ ಟೈರು. ಕಾನೂನಿಗೆ 1.6 ಮಿಲಿಮೀಟರ್ ಗೀರು ಸಾಕು. ನಮ್ಮ ಮಳೆಗೆ ಅದು ಸಾಲದು, 3ಕ್ಕೆ ಬಂದಾಗಲೇ ಬದಲಿಸಿ.

ಕಾಗದ ಪತ್ರ. ಗಡಿ ಹತ್ತಿರ ಇರುವ ಕಾರಣ ಕಾಸರಗೋಡಿನ ಕೆಎಲ್ 14 ಗಾಡಿ ಅಗ್ಗಕ್ಕೆ ಬರುತ್ತದೆ. ಇಲ್ಲಿ ನಿಮ್ಮ ಹೆಸರಿಗೆ ಮಾಡಿಸಲು ಅಲ್ಲಿನ ಎನ್‌ಒಸಿ ಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಆ ಮೊತ್ತ ಕೂಡಿಸಿದ ಮೇಲೆ ಅಗ್ಗ ಉಳಿದಿದೆಯಾ ನೋಡಿ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಪ್ರತಿ ಸಲ ಫಿಟ್‌ನೆಸ್ ಟೆಸ್ಟ್. ಹಳೆ ಜಿಪ್ಸಿಗಳಲ್ಲಿ ಇದು ದೊಡ್ಡ ತಲೆನೋವು. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ಕಣ್ಣಾರೆ ಹೋಲಿಸಿ, ಫೋಟೋದಲ್ಲಿ ಅಲ್ಲ. ನನ್ನ ಆ ಹಳೆ ಜೀಪಿನಲ್ಲಿ ಚಾಸಿಯ ಕೊನೆಯ ಎರಡು ಅಂಕಿ ಬೇರೆ ಇತ್ತು, ಅದು ಗೊತ್ತಾದದ್ದು ಮಾರಲು ಹೋದಾಗ. ಬೇರೆ ಇಂಜಿನ್ ಕೂರಿಸಿದ, ಚಾಸಿ ಕತ್ತರಿಸಿದ, ಆರ್‌ಸಿಯಲ್ಲಿ ಬರೆಯದೆ ರೂಪ ಬದಲಿಸಿದ ಗಾಡಿ ಮುಟ್ಟಬೇಡಿ. ಪೊಲೀಸರು ಹಿಡಿಯುವುದು ಒಂದು, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸಿನವರು ತಕರಾರು ತೆಗೆಯುವುದು ಇನ್ನೊಂದು.

ಇನ್ಶೂರೆನ್ಸಿನಲ್ಲಿ ಒಂದು ಸಣ್ಣ ಲೆಕ್ಕ. ಥರ್ಡ್ ಪಾರ್ಟಿಯ ದರ ಇಂಜಿನ್ನಿನ ಗಾತ್ರದ ಮೇಲೆ. 2022ರಲ್ಲಿ ನಿಗದಿಯಾದ ದರದ ಪ್ರಕಾರ 1000ದಿಂದ 1500 ಸಿಸಿಗೆ ವರ್ಷಕ್ಕೆ 3,416 ರೂಪಾಯಿ, ಅದಕ್ಕಿಂತ ಮೇಲೆ 7,897, ಟ್ಯಾಕ್ಸ್ ಬೇರೆ. ಜಿಪ್ಸಿ, ಡಸ್ಟರ್ ಎರಡೂ ಮೊದಲಿನ ಗುಂಪಿನಲ್ಲಿ, ಥಾರ್ ಎರಡನೆಯದರಲ್ಲಿ. ಗಾಡಿ ನಿಮ್ಮ ಹೆಸರಲ್ಲಿ ಇದ್ದು ಮಗ ಓಡಿಸಿದರೆ ಪಾಲಿಸಿಯ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ನಿಮಗೆ ಮಾತ್ರ, ಅವನಿಗೆ ಅಲ್ಲ. ಅವನಿಗೆ ಬೇರೆ ಮಾಡಿಸಿ. ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಆಗಬೇಕು. ಬ್ರೋಕರ್ "ನಿಧಾನ ಮಾಡಿಸುವ" ಅಂದರೆ ಒಪ್ಪಬೇಡಿ.

16ರ ಮಗನ ಕೈಗೆ ಕೀ ಕೊಡಬೇಡಿ, ಮಣ್ಣಿನ ದಾರಿಯಲ್ಲೂ. 2019ರಲ್ಲಿ ಕಾಯ್ದೆ ಬಿಗಿಯಾಗಿದೆ. ಅಪ್ರಾಪ್ತರು ಓಡಿಸಿ ಏನಾದರೂ ಆದರೆ ಅಪ್ಪನಿಗೋ ಗಾಡಿಯ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ.

ಇನ್ನು ಆ ಏರು. ಕೇಳದೇ ಹೇಳುತ್ತಿದ್ದೇನೆ. ನಿಮ್ಮ ಆಲ್ಟೊ ಯಾಕೆ ಹತ್ತುವುದಿಲ್ಲ ಗೊತ್ತಾ? ಅದಕ್ಕೆ ಎಳೆಯುವುದು ಮುಂದಿನ ಚಕ್ರ. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರ ಹಗುರಾಗಿ ಹಾವಸೆಯ ಮೇಲೆ ಸುಮ್ನೆ ಸುತ್ತುತ್ತದೆ. ಹಿಂದಿನವರು ಇಂಥ ಕಾರನ್ನು ರಿವರ್ಸಿನಲ್ಲಿ ಹತ್ತಿಸುತ್ತಿದ್ದರು. ಆಗ ಭಾರ ಎಳೆಯುವ ಚಕ್ರದ ಮೇಲೇ ಬೀಳುತ್ತದೆ. ಮಗನಿಗೆ ಇದನ್ನು ಕಲಿಸಬೇಡಿ, ಮಳೆಯಲ್ಲಿ ಹಿಂದೆ ನೋಡಿಕೊಂಡು ಹತ್ತುವುದು ಅವನ ಕೆಲಸ ಅಲ್ಲ. ಅದರ ಬದಲು ಎರಡು ಚಕ್ರ ಹೋಗುವ ಜಾಗಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಒಂದೊಂದು ಎರಡೂವರೆ ಅಡಿ ಅಗಲ. ಹಸಿ ಇರುವಾಗಲೇ ಅಡ್ಡ ಗೆರೆ ಎಳೆಸಿ. ಗುಡ್ಡದ ಬದಿಗೆ ಕಣಿ ತೆಗೆದು ನೀರು ದಾರಿಯ ಮೇಲೆ ಹರಿಯದ ಹಾಗೆ ಮಾಡಿ. ಮಳೆಗಾಲ ಶುರುವಾಗುವ ಮೊದಲು ಹಾವಸೆ ಕೆರೆಸಿ. ಗಾಡಿಗೆ ಇಟ್ಟ 5 ಲಕ್ಷದಲ್ಲಿ ಒಂದು ಪಾಲು ಇದಕ್ಕೆ ಹೋದರೆ ಆ ಏರು ನಿಮ್ಮ ಆಲ್ಟೊಗೂ ಆಗುತ್ತದೆ, ಗ್ಯಾಸ್ ತರುವವನ ಟೆಂಪೋಗೂ, ರಾತ್ರಿ ಆಂಬುಲೆನ್ಸ್ ಬೇಕಾದರೆ ಅದಕ್ಕೂ.

ನನ್ನ ಉತ್ತರ ಕೇಳಿದರೆ ಹೀಗೆ. ಕೆಳಗೆ ತುಕ್ಕು ಇಲ್ಲದ, ಬಿಲ್ಲುಗಳು ಇರುವ ಡಸ್ಟರ್ ಎಡಬ್ಲ್ಯುಡಿ 4 ಲಕ್ಷದ ಆಸುಪಾಸಿನಲ್ಲಿ ಸಿಕ್ಕಿದರೆ ತೆಗೆಯಿರಿ. 80,000 ರೂಪಾಯಿ ಕೈಯಲ್ಲಿ ಇಟ್ಟುಕೊಳ್ಳಿ. ಬೆಲ್ಟು, ಟೈರು, ಎಣ್ಣೆ, ಬ್ರೇಕು, ಇನ್ಶೂರೆನ್ಸ್ ಇಷ್ಟಕ್ಕೆ ಮೊದಲ ಮೂರು ತಿಂಗಳಲ್ಲೇ ಅದು ಹೋಗುತ್ತದೆ. ಒಳ್ಳೆಯ ಡಸ್ಟರ್ ಸಿಗಲಿಲ್ಲವಾ? ಕೆಟ್ಟ ಫೋರ್ ವೀಲ್ ತೆಗೆಯಬೇಡಿ. ಎಬಿಎಸ್, ಎರಡು ಏರ್‌ಬ್ಯಾಗ್ ಇರುವ ಮಾಮೂಲಿ ಕಾರು ತೆಗೆದು ಏರಿಗೆ ಕಾಂಕ್ರೀಟ್ ಹಾಕಿಸಿ. ಜಿಪ್ಸಿ ಆಸೆ ಹುಡುಗನಿಗೆ ಹಾಗೇ ಇರಲಿ. ಎರಡು ಮಳೆಗಾಲ ಓಡಿಸಿ ಕೈ ಕೂತ ಮೇಲೆ ಅವನೇ ದುಡಿದು ತೆಗೆಯಲಿ. ಈ ಮಾತಿಗೆ ಅವನು ಮುಖ ಊದಿಸುತ್ತಾನೆ, ಗೊತ್ತು. ನನ್ನ ಮೇಲೆ ಹಾಕಿ.

ಗಾಡಿ ಬಂದ ಮೇಲೆ ಮೊದಲ ಮಳೆಗೆ ನೀವು ಪಕ್ಕದಲ್ಲಿ ಕೂರಿ. ಖಾಲಿ ಮೈದಾನ ನೋಡಿ 40ರ ಸ್ಪೀಡಿನಲ್ಲಿ ಬ್ರೇಕನ್ನು ಪೂರ್ತಿ ಒತ್ತಿಸಿ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಿನ ಕೆಳಗೆ ದಡದಡ ಅನ್ನುತ್ತದೆ. ಗೊತ್ತಿಲ್ಲದವರು ಹೆದರಿ ಕಾಲು ತೆಗೆಯುತ್ತಾರೆ. ಆ ಸದ್ದು ಅವನಿಗೆ ಮೊದಲು ಅಲ್ಲಿ ಪರಿಚಯ ಆಗಲಿ, ಪೆರ್ಡೂರಿನ ತಿರುವಿನಲ್ಲಿ ಅಲ್ಲ.

ಗಾಡಿ ನೋಡಲು ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ. ಕೆಳಗೆ ಮಲಗಿ ಟಾರ್ಚ್ ಹಿಡಿದು ಚಾಸಿ ಬಡಿಯುವವನು ಅವನೇ ಆಗಲಿ. ಹಳೆ ಅಂಗಿ ಹಾಕಿಕೊಂಡು ಬರಲು ಹೇಳಿ.